ಸಹಾಯ ಬೇಕು: ಹಳೆಯ ಜೀಪ್ ಪಿಕಪ್‌ಗೆ ಮುಂದೆ ಡಿಸ್ಕ್ ಬ್ರೇಕ್
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ ತೋಟ. ಅಪ್ಪ 1986ರಲ್ಲಿ ತಂದ ಜೀಪ್ ಪಿಕಪ್ ಇನ್ನೂ ಓಡಿಸುತ್ತಿದ್ದೇನೆ. ಟೂ ವೀಲ್ ಡ್ರೈವ್, 16 ಇಂಚಿನ ರಿಮ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಪೆಡಲ್ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್ ಇಲ್ಲ.

ಮಳೆಗಾಲದಲ್ಲಿ ಹಳ್ಳ ದಾಟಿದರೆ ಡ್ರಮ್ಮಿಗೆ ನೀರು ಹೊಕ್ಕು ಗಾಡಿ ಪಕ್ಕಕ್ಕೆ ಎಳೆಯುತ್ತದೆ. ನಾಲ್ಕೈದು ಸಲ ಪೆಡಲ್ ತುಳಿದು ಲೈನರ್ (ಡ್ರಮ್ಮಿನ ಒಳಗೆ ಉಜ್ಜುವ ಪಟ್ಟಿ) ಒಣಗಿಸಬೇಕು. ಹೋದ ತಿಂಗಳು ಬಾಳೆಗೊನೆ ಹೇರಿಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದೆ. 14 ತಿರುವು ಅಲ್ವಾ, ಎರಡನೇ ಗೇರಿನಲ್ಲಿದ್ದರೂ ಡ್ರಮ್ ಕಾದು ಬ್ರೇಕ್ ಹಿಡಿಯಲೇ ಇಲ್ಲ. ಪಕ್ಕದಲ್ಲಿ ಮಗಳಿದ್ದಳು. ಆ ಭಯ ಇನ್ನೂ ಹೋಗಿಲ್ಲ.

ಬೊಲೆರೊದ ಹಳೆಯ ಡಿಸ್ಕ್, ಕ್ಯಾಲಿಪರ್ (ಪ್ಯಾಡ್ ಒತ್ತಿ ಡಿಸ್ಕ್ ಹಿಡಿಯುವ ಭಾಗ) ನಮ್ಮ ಸ್ಟಬ್ ಆಕ್ಸಲ್‌ಗೆ (ಮುಂದಿನ ಚಕ್ರ ಕೂರುವ ಗೂಟ) ಕೂರುತ್ತದಾ? ಬ್ರಾಕೆಟ್ ಮಾಡಿಸಬೇಕಾ? ಕ್ಯಾಲಿಪರ್‌ಗೆ ಬ್ರೇಕ್ ಆಯಿಲ್ ಜಾಸ್ತಿ ಬೇಕು, ಹಾಗಾಗಿ ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಿಸಲೇಬೇಕು ಅಂದುಕೊಂಡಿದ್ದೇನೆ. ಬೂಸ್ಟರ್ ಇಲ್ಲದೆ ನಡೆಯುತ್ತದಾ? ಹಿಂದಿನ ಡ್ರಮ್ ಮೊದಲೇ ಲಾಕ್ ಆಗದ ಹಾಗೆ ಏನು ಮಾಡಿದಿರಿ?

ಗುಜರಿಯ ಡಿಸ್ಕ್ ಆದರೂ ಪರವಾಗಿಲ್ಲ, ದಪ್ಪ ಅಳೆದೇ ತರುತ್ತೇನೆ. ಪ್ಯಾಡ್, ಹೋಸ್, ಸೀಲ್ ಮಾತ್ರ ಹೊಸದೇ ಹಾಕಿಸುತ್ತೇನೆ. ಶಿವಮೊಗ್ಗದಲ್ಲಿ ಇದನ್ನು ಮಾಡಿಸಿ ಓಡಿಸುತ್ತಿರುವವರು ಇದ್ದರೆ, ಎಷ್ಟು ಖರ್ಚಾಯಿತು, ಆರ್‌ಟಿಒದಲ್ಲಿ ಒಪ್ಪಿಗೆ ಹೇಗೆ ಪಡೆದಿರಿ, ದಯವಿಟ್ಟು ತಿಳಿಸಿ.