ಹೆಸರು ಹೋಗಿ ಲಂಗ ಬಂತು ಡುಂ ಡುಂ

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮಗಳ ಮನೆಯಲ್ಲಿದ್ದು ಬಂದ ಮೇಲೆ ಮೂರ್ತಿಯ ಬಾಯಲ್ಲಿ ಎರಡೇ ಮಾತು. ಒಂದು ಅಲ್ಲಿನ ಮಳೆ, ಇನ್ನೊಂದು ಅಲ್ಲಿನ ಗಂಡಸರು ಉಡುವ ಕಿಲ್ಟ್. ಮಳೆಯನ್ನು ತರಲಾಗಲಿಲ್ಲ. ಕಿಲ್ಟ್ ತಂದಿದ್ದ.

ಭಾನುವಾರ ರಾಜಣ್ಣನ ಮನೆ ಜಗಲಿಯ ಮೇಲೆ ಅದನ್ನು ಹರಡಿದ. ನೀಲಿ, ಹಸಿರು ಚೌಕಳಿ. ನಡುವೆ ಬಿಳಿ ಗೆರೆ, ಕೆಂಪು ಗೆರೆ. ಹಿಂದುಗಡೆ ಒತ್ತೊತ್ತಾಗಿ ನೆರಿಗೆ.

"ಇದು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಅನ್ನೋ ಬ್ರಿಟಿಷ್ ರೆಜಿಮೆಂಟಿನದು. ಈ ಚೌಕಳಿಗೆ ಮೆಕೆಂಜಿ ಟಾರ್ಟನ್ ಅಂತಾರೆ. ನಮ್ಮ ಶ್ರೀರಂಗಪಟ್ಟಣದ ಕೋಟೆ ಹತ್ತಿದವರು ಇದನ್ನೇ ಉಟ್ಟಿದ್ದರಂತೆ. ಅಂಗಡಿಯವನೇ ಹೇಳಿದ."

"ಅಂಗಡಿಯವನು ಮತ್ತೇನು ಹೇಳುತ್ತಾನೆ?" ಎಂದರು ಸುಮಿತ್ರಕ್ಕ. "ಲಂಗ ಚೆನ್ನಾಗಿದೆ. ಕಥೆಯ ಅಳತೆ ಸರಿಯಿಲ್ಲ."

"ಲಂಗ ಅಲ್ಲ ಅಕ್ಕ, ಕಿಲ್ಟ್."

"ಆಯಿತಪ್ಪ, ಕಿಲ್ಟ್. ಆ ರೆಜಿಮೆಂಟಿಗೆ ನೂರ ಮೂವತ್ತು ವರ್ಷಕ್ಕೂ ಜಾಸ್ತಿ ಅದೇ ಇರಲಿಲ್ಲವಲ್ಲ!"

ಅಷ್ಟರಲ್ಲಿ ಗಿರಿ ಬಂದ. ಕೈಯಲ್ಲಿ ಹೊಸ ನೀರಿನ ಬಾಟಲಿ, ಅದರ ಮೇಲೆ ಹೊಸ ಲೋಗೋ. ಅವನ ಕಂಪನಿ ಇನ್ನೊಂದು ಕಂಪನಿಯ ಜೊತೆ ವಿಲೀನವಾಗಿತ್ತು.

"ಮರ್ಜರ್ ಅಂದರೆ ಗ್ರೋತ್, ಅಂಕಲ್. ಎರಡು ಸೇರಿದರೆ ಬಲ ಬರುತ್ತೆ."

"ಎರಡು ಸೇರಿದರೆ ಬಾಟಲಿ ಬರುತ್ತೆ," ಎಂದರು ಸುಮಿತ್ರಕ್ಕ. "ಎಷ್ಟು ಜನ ಮನೆಗೆ ಹೋದರು, ಅದನ್ನು ಹೇಳು."

ಗಿರಿ ನೀರು ಕುಡಿದ.

"ನಾನು ರಿಟೈರ್ ಆದ ಬ್ಯಾಂಕೂ ಹೀಗೇ ಹೋಯಿತು," ಎಂದ ರಾಜಣ್ಣ. "ಬೋರ್ಡು ಬದಲಾಯಿತು, ಕೋಡು ಬದಲಾಯಿತು, ಚೆಕ್ ಪುಸ್ತಕ ಬದಲಾಯಿತು. ಕೌಂಟರಿನ ಮೇಲಿನ ಫ್ಯಾನು ಮಾತ್ರ ಹಾಗೇ ಇದೆ. ಆಗಲೂ ತಿರುಗುತ್ತಿರಲಿಲ್ಲ."

"ನಿಮ್ಮ ಬ್ಯಾಂಕಿನ ದುಃಖಕ್ಕೆ ಮೂರ್ತಿಯ ಲಂಗದಲ್ಲೇ ಸಮಾಧಾನ ಇದೆ ರಾಜಣ್ಣ. ಕೋತಿ ಕಥೆ ಗೊತ್ತಲ್ಲ, ಬಾಲ ಹೋಗಿ ಕತ್ತಿ ಬಂತು ಡುಂ ಡುಂ? ಈ ರೆಜಿಮೆಂಟಿನ ಚರಿತ್ರೆ ಪೂರ್ತಿ ಅದೇ."

ಸುಮಿತ್ರಕ್ಕ ಕೋಡುಬಳೆ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಅಂದರೆ ಪಾಠ ಉದ್ದ ಇದೆ ಅಂತ ಅರ್ಥ.

"ಇದನ್ನು ಕಟ್ಟಿದವನು ಲಾರ್ಡ್ ಮೆಕ್ಲೌಡ್. ಹೆಸರು ಜಾನ್ ಮೆಕೆಂಜಿ. 1745ರಲ್ಲಿ ಹೈಲ್ಯಾಂಡಿನವರು, ಅಂದರೆ ಸ್ಕಾಟ್ಲೆಂಡಿನ ಬೆಟ್ಟಸೀಮೆಯವರು, ಬ್ರಿಟನ್ನಿನ ರಾಜನ ವಿರುದ್ಧ ದಂಗೆ ಎದ್ದರಲ್ಲ, ಆಗ ಅಪ್ಪನೂ ಮಗನೂ ದಂಗೆಯ ಕಡೆ. ಸೋತರು. ಜಮೀನು ಹೋಯಿತು. ಹುಡುಗ ಚಿಕ್ಕವನು ಅಂತ ಕ್ಷಮಿಸಿದರು. ಅವನು ಸ್ವೀಡನ್ನಿಗೆ ಹೋಗಿ ಅಲ್ಲಿನ ಸೈನ್ಯ ಸೇರಿದ. 1777ರಲ್ಲಿ ವಾಪಸು ಬಂದು, ಅದೇ ರಾಜಮನೆತನಕ್ಕೆ ಒಂದು ರೆಜಿಮೆಂಟ್ ಕಟ್ಟಿಕೊಡುತ್ತೇನೆ ಅಂದ."

"ಯಾಕೆ?" ಎಂದ ಗಿರಿ.

"ಜಮೀನು ಬೇಕಿತ್ತು. 1784ರಲ್ಲಿ ಸಿಕ್ಕಿತು ಕೂಡ."

"ಹಾಗೆ ಹೇಳಿ. ಅಡಮಾನ ಬಿಡಿಸಿಕೊಂಡ," ಎಂದ ರಾಜಣ್ಣ. ಅವನಿಗೆ ಈಗ ಲಾರ್ಡ್ ಮೆಕ್ಲೌಡ್ ಪೂರ್ತಿ ಅರ್ಥವಾಗಿದ್ದ.

"ಇನ್ನೊಂದು ಕೇಳಿ. ದಂಗೆ ಅಡಗಿಸಿದ ಮೇಲೆ, 1746ರಲ್ಲಿ, ಕಿಲ್ಟ್ ಉಡಬಾರದು ಅಂತ ಕಾನೂನು ಮಾಡಿದರು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು. ಎರಡನೇ ಸಲ ಏಳು ವರ್ಷ ಗಡೀಪಾರು. 1782ರ ತನಕ ಇತ್ತು ಆ ಕಾನೂನು. ಆದರೆ ರಾಜನ ಸೈನ್ಯ ಸೇರಿದರೆ ಅದೇ ಕಿಲ್ಟ್ ಯೂನಿಫಾರ್ಮು, ಸರ್ಕಾರವೇ ಕೊಡುತ್ತೆ. ಊರಲ್ಲಿ ಉಟ್ಟರೆ ಅಪರಾಧ, ಸಾಯೋಕೆ ಹೋಗುವಾಗ ಉಟ್ಟರೆ ಶಿಸ್ತು."

ಮೂರ್ತಿ ಕಿಲ್ಟಿನ ನೆರಿಗೆಯನ್ನು ಸುಮ್ನೆ ಸವರಿದ.

"ಆಗ ಅದರ ನಂಬರು 73. 1780ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಳಿದರು. ಸೆಪ್ಟೆಂಬರ್ 10ಕ್ಕೆ ಪೊಲ್ಲಿಲೂರಿನ ಯುದ್ಧ. ಇಂಗ್ಲಿಷರ ಕರ್ನಲ್ ಬೇಲಿಯ ದಂಡಿನಲ್ಲಿ ಇವರ ಎರಡು ತುಕಡಿಗಳಿದ್ದವು. ಹೈದರಾಲಿ, ಟಿಪ್ಪು ಇಬ್ಬರೂ ಸೇರಿ ಆ ದಂಡನ್ನು ಮುಗಿಸಿದರು. ಮದ್ದಿನ ಗಾಡಿಗಳಿಗೆ ಬೆಂಕಿ ಬಿದ್ದಿದ್ದೇ ಕೊನೆ."

"ದರಿಯಾ ದೌಲತ್ ಗೋಡೆಯ ಮೇಲೆ ಇದೆಯಲ್ಲ ಆ ಚಿತ್ರ!" ಎಂದ ರಾಜಣ್ಣ. "ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿದ್ದೇನೆ. ಕೆಂಪು ಕೋಟಿನವರು ಸಾಲಾಗಿ ನಿಂತಿರುತ್ತಾರೆ. ನಡುವೆ ಪಲ್ಲಕ್ಕಿಯಲ್ಲಿ ಬೇಲಿ. ಪಕ್ಕದಲ್ಲೇ ಮದ್ದಿನ ಗಾಡಿ ಸಿಡಿಯುತ್ತಿರುತ್ತೆ. ಆದರೆ ಒಬ್ಬನೂ ಲಂಗದಲ್ಲಿ ಕಂಡ ನೆನಪಿಲ್ಲ."

"ಕಿಲ್ಟ್," ಎಂದ ಮೂರ್ತಿ. ಈ ಸಲ ದನಿ ಸಣ್ಣದಾಗಿತ್ತು.

"ಸೆರೆ ಸಿಕ್ಕವರಲ್ಲಿ ಕ್ಯಾಪ್ಟನ್ ಡೇವಿಡ್ ಬೇರ್ಡ್ ಒಬ್ಬ. ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಜಾಸ್ತಿ ಸರಪಳಿಯಲ್ಲಿದ್ದ. ಕೈದಿಗಳನ್ನು ಇಬ್ಬಿಬ್ಬರಂತೆ ಕಟ್ಟಿದ್ದಾರೆ ಅಂತ ಸ್ಕಾಟ್ಲೆಂಡಿನಲ್ಲಿದ್ದ ಅವರಮ್ಮನಿಗೆ ಸುದ್ದಿ ಹೋಯಿತು. ಆ ತಾಯಿ ಏನಂದಳಂತೆ ಗೊತ್ತಾ? ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡವನ ಗತಿ ಏನಪ್ಪಾ ದೇವರೇ, ಅಂದಳಂತೆ."

ರಾಜಣ್ಣನ ಹೆಂಡತಿ ಒಳಗಿನಿಂದ ನಕ್ಕಿದ್ದು ಕೇಳಿಸಿತು. ಯಾಕೆ ಅಂತ ರಾಜಣ್ಣ ಕೇಳಲಿಲ್ಲ.

"1784ರಲ್ಲಿ ಮಂಗಳೂರಿನ ಒಪ್ಪಂದವಾಗಿ ಬಿಟ್ಟರು. ಬೇಲಿ ಅಷ್ಟರಲ್ಲಿ ಸೆರೆಯಲ್ಲೇ ತೀರಿಕೊಂಡಿದ್ದ. ಎರಡು ವರ್ಷ ಕಳೆಯಿತು. ಹಳೆಯ ಕೆಲವು ರೆಜಿಮೆಂಟುಗಳನ್ನು ಮುಚ್ಚಿದ್ದರು, ನಂಬರು ಖಾಲಿ ಇದ್ದವು. 73 ತೆಗೆದು 71 ಕೊಟ್ಟರು."

"73 ಹೋಗಿ 71 ಬಂತು ಡುಂ ಡುಂ," ಎಂದ ಗಿರಿ. "ಅದು ಪ್ರಮೋಷನ್ ತಾನೇ?"

"ಪೂರ್ತಿ ಕೇಳು. ಆ 73 ಅನ್ನೋ ನಂಬರನ್ನು ಅದೇ ವರ್ಷ ಇನ್ನೊಂದು ಹೈಲ್ಯಾಂಡ್ ದಂಡಿಗೆ ಕೊಟ್ಟರು. ಪೊಲ್ಲಿಲೂರಿನಲ್ಲಿ ಸೋತ 73 ಬೇರೆ, 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಹತ್ತಿದ 73 ಬೇರೆ. ಮೂರ್ತಿಯ ಅಂಗಡಿಯವನು ಎಡವಿದ್ದು ಇಲ್ಲೇ. 71ರವರು ಅಷ್ಟರಲ್ಲಿ ಊರಿಗೆ ಹೊರಟುಹೋಗಿದ್ದರು."

"ಹಾಗಾದರೆ ನಮ್ಮ ಕಡೆ ಅವರು ಏನೂ ಹತ್ತಲೇ ಇಲ್ವಾ?" ಮೂರ್ತಿಗೆ ಏನಾದರೂ ಒಂದು ಬೇಕಿತ್ತು.

"ಹತ್ತಿದರಲ್ಲ. 1791ರಲ್ಲಿ ಸಾವನದುರ್ಗ ಹತ್ತಿದರು. ಅದಕ್ಕೂ ಮೊದಲು ಅಕ್ಟೋಬರಿನಲ್ಲಿ ನಂದಿದುರ್ಗ. ಬೆಳುದಿಂಗಳಿನಲ್ಲಿ ಹತ್ತಿದರು."

"ಈಗಲೂ ಹಾಗೇ ಅಕ್ಕ. ಸೂರ್ಯ ಹುಟ್ಟೋದು ನೋಡಬೇಕು ಅಂದರೆ ರಾತ್ರಿ ಮೂರಕ್ಕೇ ಬೆಂಗಳೂರು ಬಿಡಬೇಕು," ಎಂದ ಗಿರಿ.

"ಅವರಿಗೆ ಮೇಲಿನಿಂದ ಬಂಡೆ ಉರುಳಿಸುತ್ತಿದ್ದರು. ನಿಮಗೆ ಪಾರ್ಕಿಂಗ್ ಸಿಗಲ್ಲ. ಯಾವುದು ಕಷ್ಟ ಅಂತ ನಾನು ಹೇಳಲಾರೆ."

ಕಾಫಿ ಬಂತು. ರಾಜಣ್ಣ ಬೇರ್ಡನನ್ನು ಬಿಟ್ಟಿರಲಿಲ್ಲ. "ಆ ಡೇವಿ ಏನಾದ ಮತ್ತೆ?"

"1799ರ ಮೇ 4ರಂದು ಕೋಟೆಗೆ ನುಗ್ಗಿದ ದಂಡಿನ ಮುಂದೆ ಇದ್ದವನೇ ಅವನು. ನನಗೇ ಕೊಡಿ ಅಂತ ಕೇಳಿ ಪಡೆದ. ಗೆದ್ದ. ಮಾರನೆಯ ದಿನ ಕೋಟೆಯ ಅಧಿಕಾರವನ್ನು ಆರ್ಥರ್ ವೆಲ್ಲೆಸ್ಲಿ ಬಂದು ತೆಗೆದುಕೊಂಡ. ಬೇರ್ಡ್ ಆಗ ತಿಂಡಿ ತಿನ್ನುತ್ತಿದ್ದನಂತೆ."

"ವೆಲ್ಲೆಸ್ಲಿ ಸೀನಿಯರ್ರಾ?"

"ಜೂನಿಯರ್. ಆದರೆ ಅವನ ಅಣ್ಣ ಗವರ್ನರ್ ಜನರಲ್."

ರಾಜಣ್ಣ ಲೋಟ ಕೆಳಗಿಟ್ಟ. ಅವನ ಸರ್ವಿಸಿನ ಎಷ್ಟು ವರ್ಷಗಳು ಕಣ್ಣ ಮುಂದೆ ಹಾದುಹೋದವೋ ಗೊತ್ತಿಲ್ಲ. "ಬ್ಯಾಂಕು ಆಮೇಲೆ ಕಲಿತಿದ್ದು," ಎಂದಷ್ಟೇ ಹೇಳಿದ.

"ಅದೇ ಬೇರ್ಡ್ 1806ರಲ್ಲಿ ಆಫ್ರಿಕಾದ ಕೇಪ್ ಗೆದ್ದ. ಅಲ್ಲಿಂದ ಒಬ್ಬ ನೌಕಾಧಿಕಾರಿ, ಸರ್ಕಾರದ ಅಪ್ಪಣೆಯಿಲ್ಲದೆ, ಬ್ಯೂನಸ್ ಐರಿಸ್ ಹಿಡಿಯಲು ಹೊರಟ. ಬೇರ್ಡ್ ಅವನಿಗೆ ತನ್ನ ಹಳೆಯ 71ನ್ನು ಕಡ ಕೊಟ್ಟ. ಜೂನ್ ಕೊನೆಗೆ ಊರು ಹಿಡಿದರು. ಆಗಸ್ಟಿನಲ್ಲಿ ಊರಿನವರು ಇವರನ್ನು ಹಿಡಿದರು. ಇವರ ಬಾವುಟಗಳು ಅಲ್ಲಿನ ಸ್ಯಾಂಟೊ ಡೊಮಿಂಗೊ ಚರ್ಚಿನಲ್ಲಿ ಉಳಿದುಕೊಂಡವು."

"ಬಾವುಟ ಹೋಗಿ..." ಎಂದು ಶುರುಮಾಡಿದ ಗಿರಿಗೆ ಏನು ಬಂತು ಅನ್ನೋದು ಹೊಳೆಯಲಿಲ್ಲ.

"ಬಾವುಟ ಹೋಗಿ ಬುದ್ಧಿಯೂ ಬರಲಿಲ್ಲ. 1808ರಲ್ಲಿ ಪೋರ್ಚುಗಲ್ಲಿನ ವಿಮೇರೊ ಯುದ್ಧ. ಜಾರ್ಜ್ ಕ್ಲಾರ್ಕ್ ಅಂತ ಇವರ ಪೈಪರ್, ಬ್ಯಾಗ್‌ಪೈಪ್ ಊದುವವನು. ಯುದ್ಧದ ನಡುವೆ ಊದಿಕೊಂಡು ನಡೆಯೋದು ಅವನ ಕೆಲಸ. ಗುಂಡು ಬಿತ್ತು, ಕಾಲು ನಿಲ್ಲಲಿಲ್ಲ. ಅಲ್ಲೇ ಕೂತು, ನಿಮಗೆ ಸಂಗೀತಕ್ಕೆ ಕೊರತೆ ಮಾಡಲ್ಲ ಅಂತ ಊದುತ್ತಲೇ ಇದ್ದ."

"ಎಂಥ ಎಂಗೇಜ್‌ಮೆಂಟ್!" ಎಂದ ಗಿರಿ.

"ಹೌದು. ಅವನಿಗೆ ಯಾರೂ ಬಾಟಲಿ ಕೊಟ್ಟಿರಲಿಲ್ಲ."

"ಕಿಲ್ಟ್ ಯಾವಾಗ ಹೋಯಿತು, ಅದನ್ನು ಹೇಳಿ," ಎಂದ ಮೂರ್ತಿ.

"1809ರ ಸುಮಾರಿಗೆ. ಹೈಲ್ಯಾಂಡಿನಲ್ಲಿ ಹುಡುಗರು ಸಾಲದೆ ಬಂದರು, ಇಂಗ್ಲೆಂಡಿನ ಹುಡುಗರು ಕಿಲ್ಟ್ ಉಡಲು ಒಲ್ಲೆ ಅಂದರು. ಹಲವು ರೆಜಿಮೆಂಟುಗಳಿಗೆ ಒಂದೇ ಏಟಿಗೆ ಪ್ಯಾಂಟು ಹಾಕಿಸಿದರು. 74 ಅಂತ ಇನ್ನೊಂದಿತ್ತು. ಅದರದ್ದೂ ಆಗಲೇ ಹೋಯಿತು. ಹೊಸ 73ರ ಜೊತೆ ಶ್ರೀರಂಗಪಟ್ಟಣದ ಕೋಟೆ ಹತ್ತಿದ್ದು ಆ 74. 1803ರಲ್ಲಿ ಅಸ್ಸಾಯೆಯಲ್ಲಿ ಮರಾಠರ ತೋಪಿನ ಬಾಯಿಗೆ ಸಿಕ್ಕಿದ್ದೂ ಅದೇ. ಅಲ್ಲಿ ಅದರ ಅಧಿಕಾರಿಗಳೆಲ್ಲ ಸತ್ತರು, ಇಲ್ಲ ಗಾಯಗೊಂಡರು. ಉಳಿದವನು ಕ್ವಾರ್ಟರ್ ಮಾಸ್ಟರ್ ಒಬ್ಬ."

"ಸ್ಟೋರ್ ನೋಡಿಕೊಳ್ಳುವವನು ಎಲ್ಲಿದ್ದರೂ ಉಳಿಯುತ್ತಾನೆ," ಎಂದ ರಾಜಣ್ಣ.

"ಹಾಗೆ ಅನ್ನಬೇಡಿ. ಅಧಿಕಾರಿಗಳೆಲ್ಲ ಬಿದ್ದಿದ್ದು ನೋಡಿ ಅವನೂ ಸಾಲಿಗೆ ಸೇರಿ ಹೊಡೆದಾಡಿದ. ಆ ದಿನದ ನೆನಪಿಗೆ ರೆಜಿಮೆಂಟಿಗೆ ಆನೆಯ ಚಿಹ್ನೆ ಸಿಕ್ಕಿತು. 1881ರಲ್ಲಿ 71, 74 ಎರಡನ್ನೂ ಸೇರಿಸಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಮಾಡಿದರು. ಇದು ನಿನ್ನ ಮರ್ಜರ್, ಗಿರಿ. ಒಬ್ಬರು ಹತ್ತಿದ ಕೋಟೆ ಇಬ್ಬರ ಲೆಕ್ಕಕ್ಕೂ ಬಂತು. ಗ್ಲಾಸ್ಗೋದ ಗಲ್ಲಿಯಲ್ಲಿ ಹುಟ್ಟಿ ಆನೆಯನ್ನೇ ಕಾಣದ ಹುಡುಗರು ಟೋಪಿಯ ಮೇಲೆ ಆನೆ ಸಿಕ್ಕಿಸಿಕೊಂಡು ಓಡಾಡಿದರು."

"ಅಂದರೆ ಹೆಸರಿನಲ್ಲಿ ಹೈಲ್ಯಾಂಡ್ ಇದೆ..."

"ಹೈಲ್ಯಾಂಡಿನವರು ಕಡಿಮೆ. ಕಿಲ್ಟ್ ಇಲ್ಲ. ನಂಬರೂ ಹೋಯಿತು. ಚೌಕಳಿ ಬಟ್ಟೆಯ ಪ್ಯಾಂಟು. ಪೆರೇಡಿನಲ್ಲಿ ಉಳಿದ ಹೈಲ್ಯಾಂಡ್ ರೆಜಿಮೆಂಟುಗಳೆಲ್ಲ ಕಿಲ್ಟ್ ಬೀಸಿಕೊಂಡು ನಡೆಯುವಾಗ ಇವರು ಮಾತ್ರ ಪ್ಯಾಂಟಿನಲ್ಲಿ. ಆ ಹೊಟ್ಟೆಯುರಿ ಅರವತ್ತಾರು ವರ್ಷ ಉರಿಯಿತು."

ಗಿರಿ ನಕ್ಕ. ಸುಮಿತ್ರಕ್ಕ ನಗಲಿಲ್ಲ.

"ಈ ಸೇರಿಸುವ ಆಟದಲ್ಲಿ ಒಂದು ಮಾತ್ರ ನನಗೆ ನಗು ತರಲ್ಲ. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾದಾಗ ಗ್ಲಾಸ್ಗೋ ಟ್ರಾಮಿನ ಮ್ಯಾನೇಜರ್ ಜೇಮ್ಸ್ ಡಾಲ್ರಿಂಪಲ್ ಸೈನ್ಯ ಸೇರಿ ಅಂತ ಕರೆ ಕೊಟ್ಟ. ಹದಿನಾರು ಗಂಟೆಯಲ್ಲಿ ಒಂದು ಬೆಟಾಲಿಯನ್ ತುಂಬಿತು. ಎಲ್ಲ ಟ್ರಾಮಿನವರೇ. ಟಿಕೆಟ್ ಹರಿಯುವವರು, ಓಡಿಸುವವರು. ಅದು ಈ ರೆಜಿಮೆಂಟಿನ 15ನೆಯದು. 16ನೆಯದು ಬಾಯ್ಸ್ ಬ್ರಿಗೇಡಿನ ಹುಡುಗರದು, 17ನೆಯದು ವ್ಯಾಪಾರದವರದು. ಒಟ್ಟಿಗೆ ಸೇರಿದರೆ ಒಟ್ಟಿಗೇ ಇರಬಹುದು ಅಂತ ಮಾತು ಕೊಟ್ಟಿದ್ದರು. ಆ ಮಾತು ಉಳಿಸಿಕೊಂಡರು. 1916ರ ಜುಲೈ 1, ಫ್ರಾನ್ಸಿನ ಸೊಮ್ ಯುದ್ಧ. 16ರವರು ಒಂದೇ ದಿನ 500ಕ್ಕೂ ಹೆಚ್ಚು ಜನ ಬಿದ್ದರು. ಅದೇ ನವೆಂಬರಿನಲ್ಲಿ ಆ ಬೆಟಾಲಿಯನ್ನಿನ ಕೆಲವರು ಶತ್ರುವಿನ ಸಾಲಿನ ಹಿಂದೆ ಒಂದು ಕಂದಕದಲ್ಲಿ ಸಿಕ್ಕಿಹಾಕಿಕೊಂಡರು. ಒಂದು ವಾರ ಶರಣಾಗಲಿಲ್ಲ. ಒಂದೇ ಬೀದಿಯ ಹತ್ತು ಮನೆಗೆ ಒಂದೇ ವಾರದಲ್ಲಿ ತಂತಿ ಬಂದರೆ, ಆ ಬೀದಿಯಲ್ಲಿ ಯಾರು ಯಾರಿಗೆ ಸಮಾಧಾನ ಹೇಳಬೇಕು?"

ಗಿರಿ ಏನೋ ಹೇಳಲು ಬಾಯಿ ತೆರೆದ. ರಾಜಣ್ಣ ಕೋಡುಬಳೆ ತಟ್ಟೆಯನ್ನು ಅವನ ಕಡೆ ತಳ್ಳಿದ.

"ಮುಂದೆ?" ಎಂದ ಮೂರ್ತಿ, ಸ್ವಲ್ಪ ಹೊತ್ತು ಬಿಟ್ಟು.

"ಮುಂದೆ 1947. ಇವರಿಗೆ ಕಿಲ್ಟ್ ವಾಪಸು ಕೊಟ್ಟರು. ಅದೇ, ಮೆಕೆಂಜಿ ಚೌಕಳಿ."

"ನಮಗೆ ಸ್ವಾತಂತ್ರ್ಯ ಬಂದ ವರ್ಷವೇ!"

"ಹೌದು. ನಮ್ಮದು ಉಳಿಯಿತು. ಅವರದು ಹನ್ನೆರಡು ವರ್ಷಕ್ಕೆ ಹೋಯಿತು. 1959ರಲ್ಲಿ ರಾಯಲ್ ಸ್ಕಾಟ್ಸ್ ಫ್ಯೂಸಿಲಿಯರ್ಸ್ ಅನ್ನೋ ರೆಜಿಮೆಂಟಿನ ಜೊತೆ ಸೇರಿಸಿದರು. ಅವರು ತಗ್ಗಿನ ನಾಡಿನವರು, 1678ರಿಂದ ಇದ್ದವರು, ಕಿಲ್ಟ್ ಉಟ್ಟವರೇ ಅಲ್ಲ. ಇವರು ಬಿಡಲ್ಲ ಅಂದರು, ಅವರು ಉಡಲ್ಲ ಅಂದರು. ಜಗಳ ಎಲ್ಲಿಗೆ ಹೋಯಿತು ಅಂದರೆ, ಎರಡೂ ಕಡೆಯ ಮುಖ್ಯ ಕರ್ನಲ್‌ಗಳು ಹುದ್ದೆ ಬಿಡಬೇಕಾಯಿತು."

"ಬಟ್ಟೆಗೋಸ್ಕರ?"

"ನಿನ್ನ ಕಂಪನಿಯಲ್ಲಿ ಲೋಗೋಗೆ ನೀಲಿ ಇರಬೇಕಾ ಹಸಿರು ಇರಬೇಕಾ ಅಂತ ಎಷ್ಟು ಮೀಟಿಂಗ್ ಆಯಿತು?"

ಗಿರಿ ಮತ್ತೆ ನೀರು ಕುಡಿದ. ಬಾಟಲಿಯ ಮೇಲೆ ಎರಡೂ ಬಣ್ಣ ಇದ್ದವು.

"ಪ್ಯಾಂಟು ಗೆದ್ದಿತು. ಹೆಸರು ಮಾತ್ರ ಗೂಡ್ಸ್ ರೈಲಿನಷ್ಟಾಯಿತು. ರಾಯಲ್ ಹೈಲ್ಯಾಂಡ್ ಫ್ಯೂಸಿಲಿಯರ್ಸ್, ಪ್ರಿನ್ಸೆಸ್ ಮಾರ್ಗರೆಟ್ಸ್ ಓನ್ ಗ್ಲಾಸ್ಗೋ ಅಂಡ್ ಏರ್‌ಶೈರ್ ರೆಜಿಮೆಂಟ್. ಶತ್ರು ಎದುರಿಗೆ ಬಂದಾಗ ನಾವು ಯಾರು ಅಂತ ಹೇಳಿ ಮುಗಿಸುವಷ್ಟರಲ್ಲಿ ಯುದ್ಧ ಮುಗಿಯಬೇಕು. ಆಮೇಲೆ 2006ರ ಮಾರ್ಚ್ 28. ಸ್ಕಾಟ್ಲೆಂಡಿನ ಆರು ಪದಾತಿ ರೆಜಿಮೆಂಟುಗಳನ್ನು ಬಾಚಿ ಒಂದೇ ಮಾಡಿದರು, ರಾಯಲ್ ರೆಜಿಮೆಂಟ್ ಆಫ್ ಸ್ಕಾಟ್ಲೆಂಡ್. ಇವರು ಅದರಲ್ಲಿ ಎರಡನೇ ಬೆಟಾಲಿಯನ್. ಎಲ್ಲರಿಗೂ ಒಂದೇ ಉಡುಪು. ಏನು ಹೇಳು ನೋಡೋಣ?"

ಮೂರ್ತಿಯ ಮುಖ ಅರಳಿತು. "ಕಿಲ್ಟ್!"

"ಕಿಲ್ಟ್. ಯಾವತ್ತೂ ಉಡದ ತಗ್ಗಿನವರಿಗೂ ಕಿಲ್ಟ್. ಅದೂ ಮೆಕೆಂಜಿಯದ್ದಲ್ಲ, ಎಲ್ಲರಿಗೂ ಸೇರಿದ ಸರ್ಕಾರಿ ಚೌಕಳಿ."

"ಹೆಸರು ಹೋಗಿ ಲಂಗ ಬಂತು ಡುಂ ಡುಂ!" ಎಂದು ಗಿರಿ ತಟ್ಟೆ ಬಡಿದ. ಈ ಸಲ ಮೂರ್ತಿ ತಿದ್ದಲಿಲ್ಲ.

"ಹಾಗಾದರೆ ಅವರದ್ದು ಅಂತ ಏನೂ ಉಳಿಯಲೇ ಇಲ್ವಾ ಅಕ್ಕ?" ಎಂದ ರಾಜಣ್ಣ. ಅವನಿಗೆ ಯಾಕೋ ಇದು ಜಾಸ್ತಿ ಮನಸ್ಸಿಗೆ ತಟ್ಟಿತ್ತು.

"ಟೋಪಿಯ ಮೇಲೆ ಒಂದು ಬಿಳಿ ಗರಿ ಉಳಿದಿದೆ. ಯಾವ ಬೆಟಾಲಿಯನ್ ಅಂತ ಗುರುತು ಹಿಡಿಯಲು."

"ನಮಗೆ ಅದೂ ಕೊಡಲಿಲ್ಲ ನೋಡಿ. ಒಂದು ಗರಿ ಕೊಟ್ಟಿದ್ದರೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆವು."

"ಒಳ್ಳೆಯದೇ ಆಯಿತು ಬಿಡಿ ರಾಜಣ್ಣ. ಕೊಟ್ಟಿದ್ದರೆ ಅದರ ದುಡ್ಡನ್ನು ಪೆನ್ಷನ್ನಿನಲ್ಲಿ ಹಿಡಿದುಕೊಳ್ಳುತ್ತಿದ್ದರು."