ಹಳೇ ಟೂ-ವೇ ಬಾಕ್ಸಿಗೆ ಹೊಸ ವೂಫರ್: ಬಾಸ್ ಗುಂಯ್‌ಗುಡುತ್ತೆ, ಟ್ವೀಟರ್ ಕಿವಿ ಚುಚ್ಚುತ್ತೆ

ಪೆಟ್ಟಿಗೆಮನೆ (ಮಂಗಳೂರು)

ನನ್ನ ಸ್ಪೀಕರ್ ಬಾಕ್ಸ್ ಜೋಡಿ 2004ರಲ್ಲಿ ಕಟ್ಟಿದ್ದು, 18 ಎಂಎಂ ಪ್ಲೈವುಡ್. ಒಂದೊಂದರ ಒಳ ಅಳತೆ 30 × 30 × 45 ಸೆಂ.ಮೀ., ಅಂದರೆ ಸುಮಾರು 40 ಲೀಟರ್. ಪೋರ್ಟಿಗೆ (ಬಾಕ್ಸಿನ ಗಾಳಿ ಓಡಾಡುವ ಕೊಳವೆ) 75 ಎಂಎಂ ಪಿವಿಸಿ ಪೈಪ್, ಉದ್ದ 13 ಸೆಂ.ಮೀ. 2010ರಲ್ಲಿ ಕ್ರಾಸ್‌ಓವರ್ (ಕೆಳಗಿನ ಸ್ವರವನ್ನು ವೂಫರಿಗೆ, ಮೇಲಿನದನ್ನು ಟ್ವೀಟರಿಗೆ ಹಂಚುವ ಸರ್ಕ್ಯೂಟ್) ಸೆಕೆಂಡ್ ಆರ್ಡರಿಗೆ ಬದಲಾಯ್ತು: ಎರಡೂ ಕಡೆ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್, 0.6 ಮಿಲಿಹೆನ್ರಿ ಕಾಯಿಲ್. ಟ್ವೀಟರ್ 8 ಓಮ್ ಸಿಲ್ಕ್ ಡೋಮ್, ಸೆನ್ಸಿಟಿವಿಟಿ (ಅಷ್ಟೇ ಪವರಿಗೆ ಎಷ್ಟು ಜೋರು ಅನ್ನೋದು) 90 ಡಿಬಿ.

ಹಳೇ 8 ಇಂಚಿನ ವೂಫರಿನ (ಅದೂ 90 ಡಿಬಿ) ಫೋಮ್ (ಕೋನಿನ ಸುತ್ತ ಫ್ರೇಮಿಗೆ ಅಂಟಿರುವ ಮೆತ್ತನೆ ಅಂಚು) ಪುಡಿಪುಡಿಯಾಗಿ ಉದುರಿತು. ಹೊಸದರ ಲೆಕ್ಕ: ಎಫ್‌ಎಸ್ (ಸ್ವಂತ ಅನುರಣನ) 38 ಹರ್ಟ್ಸ್, ಕ್ಯೂಟಿಎಸ್ (ಆ ಅನುರಣನ ಎಷ್ಟು ಎಳೆಯುತ್ತೆ ಅನ್ನೋ ಅಳತೆ) 0.52, ವಿಎಎಸ್ (ಕೋನಿನ ಸ್ಪ್ರಿಂಗಿನಷ್ಟೇ ಬಿಗಿ ಇರುವ ಗಾಳಿಯ ಗಾತ್ರ) 50 ಲೀಟರ್, ಡಿಸಿ ರೆಸಿಸ್ಟೆನ್ಸ್ 6.2 ಓಮ್, ಕಾಯಿಲ್ ಇಂಡಕ್ಟೆನ್ಸ್ 0.8 ಮಿಲಿಹೆನ್ರಿ, 87 ಡಿಬಿ. ಜೊತೆಗೇ ಕ್ರಾಸ್‌ಓವರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಜಾಗಕ್ಕೆ ಪಾಲಿಪ್ರೊಪಿಲೀನ್ ಬಂತು. ಈಗ ಮೃದಂಗದ ಎಡಭಾಗ ಗುಂಯ್ ಅಂತ ಎಳೆಯುತ್ತೆ, ತಾಳದ ಸದ್ದು ಕಿವಿಗೆ ಚುಚ್ಚುತ್ತೆ. ಪೋರ್ಟ್ ಕತ್ತರಿಸಬೇಕಾ? ಟ್ವೀಟರ್ ಬದಲಿಸಬೇಕಾ?

ತಗ್ಗುಸ್ವರ

ಎರಡೂ ಬೇಡ. ಮೊದಲು ಒಂದು ಬಾಕ್ಸಿಗೆ ಮಾತ್ರ ಕೈ ಹಾಕಿ, ಇನ್ನೊಂದು ಇದ್ದ ಹಾಗೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಹೋಲಿಸಿ ಕೇಳೋದಕ್ಕೆ ಏನೂ ಉಳಿಯಲ್ಲ.

75 ಎಂಎಂ ಅನ್ನೋದು ಪೈಪಿನ ಹೊರ ವ್ಯಾಸ, ಒಳಗಡೆ ಸುಮಾರು 70 ಎಂಎಂ. ಆ ಅಳತೆಗೆ ನಿಮ್ಮ ಪೋರ್ಟ್ 40 ಹರ್ಟ್ಸಿಗೆ ಟ್ಯೂನ್ ಆಗಿದೆ, ಅದರಲ್ಲಿ ತಪ್ಪಿಲ್ಲ. ತೊಂದರೆ ಇರೋದು ಕ್ಯೂಟಿಎಸ್ 0.52ರಲ್ಲಿ. ಇಷ್ಟು ಹೆಚ್ಚಿರುವ ವೂಫರನ್ನು ಪೋರ್ಟ್ ಬಾಕ್ಸಿಗೆ ಹಾಕಿದರೆ ಟ್ಯೂನಿಂಗಿಗಿಂತ ಸ್ವಲ್ಪ ಮೇಲೆ ಗುಡ್ಡೆ ಏಳುತ್ತೆ, ಅಂದರೆ ಅಲ್ಲಿನ ಸ್ವರ ಮಾತ್ರ ಜೋರಾಗುತ್ತೆ. ಪೋರ್ಟ್ ಉದ್ದ ಬದಲಿಸಿದರೆ ಗುಡ್ಡೆ ಜಾಗ ಬದಲಿಸುತ್ತೆ ಅಷ್ಟೇ.

ಪೋರ್ಟ್ ಮುಚ್ಚಿಬಿಡಿ. ವಿಎಎಸ್ 50, ಬಾಕ್ಸ್ 40: ಒಂದಕ್ಕೆ 50/40 ಕೂಡಿಸಿದರೆ 2.25, ವರ್ಗಮೂಲ 1.5. ಕ್ಯೂ 0.52 × 1.5 = 0.78, ಅನುರಣನ 38 × 1.5 = 57 ಹರ್ಟ್ಸ್. 0.7ಕ್ಕೆ ಹತ್ತಿರ ಬಂತಲ್ಲ, ಇದು ಹದವಾದ ಮುಚ್ಚಿದ ಬಾಕ್ಸ್. ತೀರಾ ಕೆಳಗಿನ ಬಾಸ್ ಸ್ವಲ್ಪ ಕಡಿಮೆಯಾಗುತ್ತೆ, ಆದರೆ ಪೆಟ್ಟು ಬಿದ್ದಲ್ಲೇ ನಿಲ್ಲುತ್ತೆ.

ಪರೀಕ್ಷೆಗೆ ಬಟ್ಟೆ ಬಿಗಿಯಾಗಿ ತುರುಕಿದರೆ ಸಾಕು. ಹಿಡಿಸಿದರೆ ಪ್ಲಂಬಿಂಗ್ ಅಂಗಡಿಯ 75 ಎಂಎಂ ಎಂಡ್ ಕ್ಯಾಪನ್ನು ಪೈಪಿನ ಒಳತುದಿಗೆ ಕೂರಿಸಿ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು 300–400 ಗ್ರಾಂ ಬಿಡಿಸಿ ತುಂಬಿ. ವೂಫರ್ ಅಂಚಿಗೆ ಸಿಲಿಕೋನ್ ಬಳಿಯಬೇಡಿ, ಮುಂದೆ ಬಿಚ್ಚೋಕೆ ಬರಲ್ಲ; ಫೋಮ್ ಟೇಪ್ ಹಾಕಿ. ಕೋನನ್ನು ಮೆಲ್ಲಗೆ ಒತ್ತಿ ಬಿಡಿ: ನಿಧಾನಕ್ಕೆ ಹಿಂದಕ್ಕೆ ಬಂದರೆ ಗಾಳಿ ಸೋರುತ್ತಿಲ್ಲ ಅಂತ ಅರ್ಥ.

ಬೆಸುಗೆಕಡ್ಡಿ

ಟ್ವೀಟರ್ ಚುಚ್ಚೋದಕ್ಕೆ ಕೆಪಾಸಿಟರಿಗಿಂತ ದೊಡ್ಡ ಕಾರಣ ಬೇರೆ ಇದೆ. ವೂಫರ್ 90ರಿಂದ 87ಕ್ಕೆ ಇಳಿಯಿತು, ಟ್ವೀಟರ್ 90ರಲ್ಲೇ ನಿಂತಿದೆ. ಕುಳಿತಲ್ಲೇ 3 ಡಿಬಿ ಜೋರಾಯ್ತು. ಅದರ ಮೇಲೆ, ಒಣಗಿದ ಎಲೆಕ್ಟ್ರೋಲಿಟಿಕ್‌ನ ಒಳತಡೆಯೂ ಹೋಗಿದೆ.

ಎಲ್-ಪ್ಯಾಡ್ (ದನಿ ಇಳಿಸುವ ಎರಡು ರೆಸಿಸ್ಟರುಗಳ ಜೋಡಿ) ಹಾಕಿ: ಟ್ವೀಟರಿಗೆ ಸರಣಿಯಲ್ಲಿ 2.2 ಓಮ್, ಟ್ವೀಟರಿನ ಎರಡು ಟರ್ಮಿನಲ್ಲಿಗೆ ಅಡ್ಡಲಾಗಿ 18 ಓಮ್. ಎರಡೂ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತೆ. ಇದು 2.9 ಡಿಬಿ ಇಳಿಸುತ್ತೆ, ಕ್ರಾಸ್‌ಓವರಿಗೆ ಕಾಣುವ ಲೋಡ್ 7.7 ಓಮ್ ಆಗಿ ಉಳಿಯುತ್ತೆ. ಬರೀ ಸರಣಿ ರೆಸಿಸ್ಟರ್ ಒಂದನ್ನೇ ಹಾಕಿದರೆ ಲೋಡ್ ಏರಿ ಕ್ರಾಸ್‌ಓವರ್ ಜಾಗ ತಪ್ಪುತ್ತೆ. ಪ್ಯಾಡ್ ಬರಬೇಕಾದ್ದು ಕ್ರಾಸ್‌ಓವರ್ ಆದಮೇಲೆ, ಟ್ವೀಟರ್ ಪಕ್ಕದಲ್ಲಿ.

ಪೆಟ್ಟಿಗೆಮನೆ

ಎಡ ಬಾಕ್ಸಿಗೆ ಎರಡೂ ಮಾಡಿದೆ. ಗುಂಯ್ ನಿಂತಿತು, ಚುಚ್ಚೋದೂ ಹೋಯ್ತು. ಈಗ ಗಾಯಕಿಯ ದನಿ ಸ್ವಲ್ಪ ಹಿಂದೆ ಸರಿದ ಹಾಗಿದೆ. ಹಳೇ ವೂಫರನ್ನು ಎಸೆಯೋದಾ, ಇಟ್ಟುಕೊಳ್ಳೋದಾ?

ಬೆಸುಗೆಕಡ್ಡಿ

ಟ್ವೀಟರಿನ ತಂತಿ ತಿರುಗಿಸಿ ನೋಡಿ. ಸೆಕೆಂಡ್ ಆರ್ಡರಿನಲ್ಲಿ ಕ್ರಾಸ್‌ಓವರ್ ಬಿಂದುವಿನಲ್ಲಿ ಎರಡರ ನಡುವೆ 180 ಡಿಗ್ರಿ ಅಂತರ ಬರುತ್ತೆ, ಹಾಗಾಗಿ ಸಾಮಾನ್ಯವಾಗಿ ಟ್ವೀಟರ್ ಉಲ್ಟಾ ಜೋಡಿಸಬೇಕು. ಕಿವಿ ಟ್ವೀಟರ್ ಎತ್ತರಕ್ಕಿರಲಿ, ನಿಮ್ಮ ಕ್ರಾಸ್‌ಓವರ್ ಬಿಂದುವಾದ 3000 ಹರ್ಟ್ಸಿನ ಸುತ್ತ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಶ್ಶ್ ಸದ್ದು) ಹಾಕಿ. ತುಂಬಿ ಕೇಳುವ ಜೋಡಣೆಯೇ ಸರಿ. ವೂಫರಿಗೆ ಅಡ್ಡಲಾಗಿ 8.2 ಓಮ್, 22 ಮೈಕ್ರೋಫ್ಯಾರಡ್ ಸರಣಿಯಲ್ಲಿ ಸೇರಿಸಿದ ಜೋಬೆಲ್ (ವೂಫರಿನ ಇಂಪೀಡೆನ್ಸ್, ಅಂದರೆ ಎಸಿಗೆ ತೋರುವ ತಡೆ, ಏರದಂತೆ ಹಿಡಿಯುವ ಜೋಡಣೆ) ಕೂಡ ಬೇಕು. ಅದಿಲ್ಲದಿದ್ದರೆ ಇಂಪೀಡೆನ್ಸ್ ಮೇಲೇರಿ ವೂಫರಿನ ಮೇಲಿನ ಸ್ವರ ಸರಿಯಾಗಿ ಇಳಿಯಲ್ಲ. ಇಲ್ಲಿ ಬೈಪೋಲಾರ್ ಎಲೆಕ್ಟ್ರೋಲಿಟಿಕ್ ಸಾಕು. ಎರಡು ಕಾಯಿಲ್‌ಗಳು ಅಕ್ಕಪಕ್ಕ ಇದ್ದರೆ ಒಂದನ್ನು 90 ಡಿಗ್ರಿ ತಿರುಗಿಸಿ ಕೂರಿಸಿ.

ತಗ್ಗುಸ್ವರ

ಎಸೆಯಬೇಡಿ ಸರ್. ಕರಾವಳಿಯ ತೇವಕ್ಕೆ ಫೋಮ್ ಬೇಗ ಹೋಗುತ್ತೆ, ಕೋನ್ ಮತ್ತು ಕಾಯಿಲ್ ಹೆಚ್ಚಾಗಿ ಚೆನ್ನಾಗೇ ಇರುತ್ತೆ. ಕೋನಿನ ಹೊರ ವ್ಯಾಸ, ಫ್ರೇಮಿನ ಅಂಟು ಅಂಚು ಎರಡನ್ನೂ ಅಳೆದು ಹೊಸ ಫೋಮ್ ತರಿಸಿ. 8 ಇಂಚು ಅಂತ ಮಾತ್ರ ಹೇಳಿದರೆ ಅಳತೆ ಕೂರಲ್ಲ. ರಬ್ಬರ್ ಬಾಳಿಕೆ ಜಾಸ್ತಿ, ಆದರೆ ತೂಕ ಕೂಡಿ ಡಿಬಿ ಇಳಿಯುತ್ತೆ. ಹಗುರ ಕಾಗದದ ಕೋನಿಗೆ ಫೋಮೇ ಸರಿ.

ಹಳೇ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ನೆನೆಸಿ ಕೆರೆದು ತೆಗೆಯಿರಿ. ಮೊದಲು ಕೋನಿಗೆ ಅಂಟಿಸಿ, ಪೂರ್ತಿ ಒಣಗಲಿ. ಆಮೇಲೆ ಫ್ರೇಮಿಗೆ ಬಿಳಿ ಫೆವಿಕಾಲ್ ಹಚ್ಚಿ, 25 ಹರ್ಟ್ಸ್ ಟೋನನ್ನು ಸಣ್ಣ ದನಿಯಲ್ಲಿ ಹಾಕಿ, ಕರಕರ ಸದ್ದು ನಿಲ್ಲುವವರೆಗೆ ಬೆರಳಲ್ಲಿ ಕೋನನ್ನು ಮಧ್ಯಕ್ಕೆ ಸರಿಸಿ. ಫೆವಿಕಾಲ್ ನಿಧಾನಕ್ಕೆ ಹಿಡಿಯೋದರಿಂದ ಸರಿಪಡಿಸಲು ಸಮಯ ಸಿಗುತ್ತೆ. ಫೆವಿಕ್ವಿಕ್ ಹಾಕಿದರೆ ಕಾಯಿಲ್ ವಾಲಿದಲ್ಲೇ ಅಂಟಿಕೊಳ್ಳುತ್ತೆ. ಒಂದು ದಿನ ಬಿಟ್ಟು ನುಡಿಸಿ. ಅದನ್ನು ವಾಪಸ್ ಹಾಕುವ ಮನಸ್ಸಿದ್ದರೆ ಪೋರ್ಟ್ ತೆರೆಯಬೇಕು, ಎಲ್-ಪ್ಯಾಡ್ ತೆಗೆಯಬೇಕು. ಆದ್ದರಿಂದ ಎಂಡ್ ಕ್ಯಾಪಿಗೆ ಸಾಲ್ವೆಂಟ್ ಹಾಕದೆ ಟೇಪ್ ಸುತ್ತಿ ಬಿಗಿಯಾಗಿ ಕೂರಿಸೋದೇ ಒಳ್ಳೆಯದು.