ವೆನಿಲ್ಲಾ ಪರಾಗಸ್ಪರ್ಶ: ಸಲಹೆಗಾರರನ್ನು ಕೇಳಿ

ಸಿರ್ಸಿ ಸದಸ್ಯ: ನಮಸ್ಕಾರ ಸರ್. ವೆನಿಲ್ಲಾ ಮೊದಲ ಸಲ ಹೂ ಬಿಟ್ಟಿದೆ. ಕೈಯಲ್ಲಿ ಪರಾಗಸ್ಪರ್ಶ ಯಾವ ಹೊತ್ತಿಗೆ, ಹೇಗೆ?

ಸಲಹೆಗಾರ: ನಮಸ್ಕಾರ. ಹೂ ಅರಳಿದ ದಿನವೇ, ಬೆಳಿಗ್ಗೆ 6ರಿಂದ ಮಧ್ಯಾಹ್ನದೊಳಗೆ. ಕೈ ತೊಳೆದುಕೊಳ್ಳಿ. ತೆಂಗಿನಗರಿ ಕಡ್ಡಿ ಚೂಪು ಮಾಡಿ, ಹೂವಿನ ತುಟಿ ಸೀಳಿ, ಒಳಗಿನ ತೆಳು ಪರದೆ ಮೇಲಕ್ಕೆತ್ತಿ. ಪರಾಗದ ಉಂಡೆಯನ್ನು ಹೆಬ್ಬೆರಳಲ್ಲಿ ಕೆಳಗಿನ ಅಂಟು ಜಾಗಕ್ಕೆ ಮೆಲ್ಲಗೆ ಒತ್ತಿ.

ಕೊಪ್ಪ ಸದಸ್ಯ: ಜೇನುನೀರು ಸಿಂಪಡಿಸಿದ್ರೆ ಜೇನುನೊಣಗಳೇ ಮಾಡ್ತಾವಂತೆ. ಫಾರ್ವರ್ಡ್ ಬಂದಿತ್ತು.

ಸಲಹೆಗಾರ: ಫಾರ್ವರ್ಡ್ ಮಾಡಿದವರ ಬಳ್ಳಿಯಲ್ಲಿ ಕಾಯಿ ಇದೆಯಾ, ಕೇಳಿ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ತೋರಿಸಿದ ಕಡ್ಡಿಯ ಉಪಾಯವೇ ಇವತ್ತಿಗೂ ನಡೆಯುತ್ತಿದೆ. ಸಿಹಿನೀರಿಗೆ ಇರುವೆ ಬರುತ್ತದೆ, ಅಷ್ಟೇ.

ಸಾಗರ ಸದಸ್ಯೆ: ಸರ್, ಎಲ್ಲಾ ಗೊಂಚಲಿನ ಅಷ್ಟೂ ಹೂವಿಗೆ ಮಾಡಿದೆ, ಎಲ್ಲಾ ಕಾಯಿ ಕಚ್ಚಿವೆ. ಈಗ ಬಳ್ಳಿ ಹಳದಿಯಾಗಿ ಸುಕ್ಕುತ್ತಿದೆ. ತುದಿ ಕತ್ತರಿಸಿ ಬೇರೆ ಕಡೆ ನೆಡಲಾ?

ಸಲಹೆಗಾರ: ಬೇಡಮ್ಮ, ಮೊದಲು ಚಾಕು ಕೆಳಗಿಡಿ. ಬುಡದ ಎಲೆತರಗು ಸರಿಸಿ ನೋಡಿ. ಬೇರು ಕಂದಾಗಿ ಕೊಳೆತಿದೆಯಾ? ಕಾಂಡದಿಂದ ಇಳಿದ ಹೊಸ ಬೇರೂ ಮಣ್ಣು ಮುಟ್ಟಿದ ಮೇಲೆ ಸಾಯ್ತಿದೆಯಾ? ಹಾಗಿದ್ದರೆ ಫ್ಯುಸೇರಿಯಂ ಎಂಬ ಶಿಲೀಂಧ್ರದ ಬೇರುಕೊಳೆ ಅನುಮಾನ. ಕಾಯಿ ಹೊರೆ ಜಾಸ್ತಿಯಾದ ಬಳ್ಳಿಗೆ ಇದು ಬೇಗ ಅಂಟುತ್ತದೆ. ಗೊಂಚಲಿಗೆ 8–10 ಕಾಯಿ ಸಾಕು, ಉಳಿದದ್ದು ಈಗಲೇ ಕಿತ್ತುಬಿಡಿ. ಮನಸ್ಸು ಬರಲ್ಲ ಅಂತ ಗೊತ್ತು, ಆದರೂ ಕೀಳಿ. ಬುಡ ಅಗೆಯಬೇಡಿ. ನೀರು ನಿಲ್ಲದಂತೆ ನೋಡಿಕೊಳ್ಳಿ. ಈ ಬಳ್ಳಿಯ ತುಂಡು ಎಲ್ಲೂ ನೆಡಬೇಡಿ, ನೆರೆಯವರಿಗೂ ಕೊಡಬೇಡಿ. ಚಾಕುವನ್ನು ಪ್ರತಿ ಬಳ್ಳಿಗೂ ಸ್ಪಿರಿಟ್‌ನಲ್ಲಿ ಒರೆಸಿ. ಬೇರಿನ ಫೋಟೋ ಹಾಕಿ.



ಯಲ್ಲಾಪುರ ಸದಸ್ಯ: ಯಾವ ಹೊತ್ತಿಗೆ ಮಾಡಬೇಕು ಸರ್?

ಸಲಹೆಗಾರ: ಮೇಲೆ ಇದೆ.

ಪುತ್ತೂರು ಸದಸ್ಯ: ಸುಮ್ನೆ ಯಾಕ್ರೀ ವೆನಿಲ್ಲಾ? 2004ರ ನಂತರ ಬೆಲೆ ಬಿದ್ದದ್ದು ಮರೆತ್ರಾ? ಅಡಿಕೆ ಹಾಕಿ.

ಸಿರ್ಸಿ ಸದಸ್ಯ: ಅಡಿಕೆಗೇನು ಕೊಳೆರೋಗ ಇಲ್ವಾ?

ಪುತ್ತೂರು ಸದಸ್ಯ: ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯೋಕೆ ಬರಲ್ಲ ಅಂದ್ರೆ ಅಡಿಕೆಯ ತಪ್ಪಾ?

ಸಿರ್ಸಿ ಸದಸ್ಯ: ನಿಮ್ಮನ್ನು ಯಾರು ಕೇಳಿದ್ರು?

ಕೊಪ್ಪ ಸದಸ್ಯ: ಬಳ್ಳಿಯ ಸೊನೆ ತಾಗಿ ಕೈ ಉರೀತಿದೆ. ಸುಣ್ಣ ಹಚ್ಚಿದ್ರೆ ಹೋಗುತ್ತಂತೆ...

ಸಲಹೆಗಾರ: ಮತ್ತೆ "ಅಂತೆ"! ಸುಣ್ಣ ಚರ್ಮ ಸುಡುತ್ತದೆ ಮಾರಾಯ್ರೇ. ಸೋಪು, ನೀರು ಹಾಕಿ ತೊಳೆಯಿರಿ. ಕಣ್ಣು ಮುಟ್ಟಬೇಡಿ. ಗುಳ್ಳೆ ಎದ್ದರೆ ಡಾಕ್ಟರ ಹತ್ತಿರ ಹೋಗಿ. ಬಳ್ಳಿ ಕತ್ತರಿಸುವಾಗ ಗ್ಲೌಸ್ ಹಾಕಿ.

ಯಲ್ಲಾಪುರ ಸದಸ್ಯ: ಮೇಲೆ ಅಂದ್ರೆ ಎಲ್ಲಿ ಸರ್? ಸಂಜೆ ಮಾಡಬಹುದಾ?

ಸಲಹೆಗಾರ: ಇಲ್ಲ. ಅಡಿಕೆ ಜಗಳ ಬೇರೆ ಕಡೆ ಆಡಿ. ಸಾಗರದವರೇ, ಫೋಟೋ ಎಲ್ಲಿ?